ಅಕ್ಕ ಬರೆಸಿದ ಬೇಸಿಗೆ

ಬಳ್ಳಾರಿಯಲ್ಲಿ ಬೇಸಿಗೆ ಬರಲಿ ಎಂದು ಕಾಯುವವರು ಇಬ್ಬರೇ. ಕಲ್ಲಂಗಡಿ ಮಾರುವವರು ಒಬ್ಬರು, ನಮ್ಮ ಅಕ್ಕ ಹೊನ್ನೂರಬಿ ಇನ್ನೊಬ್ಬಳು. ಶಿವರಾತ್ರಿ ಮುಗಿದು ಊರ ಜನ ಕೂಲರಿನ ರಿಪೇರಿಗೆ ಓಡಾಡುವಾಗ ಇವಳು ಮದುವೆ ಗೊತ್ತಾದ ಹುಡುಗಿಯಂತೆ ಸಡಗರಪಡುತ್ತಿದ್ದಳು. ಆಗಲೇ ನಲವತ್ತು ದಾಟಿದವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನನ್ನ ಜತೆ ಗಾದಿ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಅಂಥವಳಿಗೆ ಈ ಊರಿನ ಬಿಸಿಲಲ್ಲಿ ಯಾವ ಹಬ್ಬ ಕಂಡಿತೋ!

"ಬ್ಯಾಸಗಿ ಅಂದ್ರ ಹತ್ತಿ ಅರಳೋ ಕಾಲ. ನಾವೂ ಅರಳಬೇಕು" ಎನ್ನುತ್ತಿದ್ದಳು.

"ಅರಳೂದಿಲ್ಲಬೇ, ಹುರಿದು ಹೋಗ್ತೀವಿ" ಎನ್ನುತ್ತಿದ್ದೆ ನಾನು.

ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಮನೆತನದ ಕಸುಬು. ಮದುವೆಯ ಹೊಸ ಗಾದಿಗಳು, ಗಂಟುಕಟ್ಟಿದ ಹಳೆಯ ಗಾದಿಗಳು, ಎಲ್ಲ ಕೆಲಸವೂ ಬೇಸಿಗೆಗೇ ಬರುತ್ತದೆ. ಹಳೆಯದನ್ನು ಗಿರಾಕಿಯ ಅಂಗಳದಲ್ಲೇ ಬಿಚ್ಚಿ, ಅವರ ಕಣ್ಣೆದುರೇ ಹಿಂಜಿ, ಅಲ್ಲೇ ಹೊಲಿದು ಕೊಡಬೇಕು. ಇಲ್ಲದಿದ್ದರೆ ಹತ್ತಿ ಬದಲಾಯಿಸಿದೆವೆಂದು ಅನುಮಾನ. ಹಾಗಾಗಿ ಹಿಂಜುವ ಯಂತ್ರವನ್ನು ಲಗೇಜು ಆಟೋದಲ್ಲಿ ಹೇರಿಕೊಂಡು ಕುರುಗೋಡು, ಬಾದನಹಟ್ಟಿ, ತೆಕ್ಕಲಕೋಟೆ, ಸಿರುಗುಪ್ಪ ಎಂದು ಸುತ್ತುತ್ತಿದ್ದೆವು. ಮೂಗಿನ ತುಂಬ ಹತ್ತಿ, ಬಾಯಿ ತುಂಬ ಧೂಳು. ಅಕ್ಕ ಇದಕ್ಕೆ ಟೂರು ಎಂದು ಹೆಸರಿಟ್ಟಿದ್ದಳು. ಯಾವ ಊರಿನ ಕೆಲಸದ ಜತೆ ಯಾವ ನೆಂಟರ ಮನೆ, ಯಾರ ಕೂಸಿಗೆ ಕುಲಾಯಿ ಟೊಪ್ಪಿಗೆ, ಎಲ್ಲಿ ಎಷ್ಟು ದಿನ, ಎಲ್ಲವೂ ತಲೆಯಲ್ಲಿ ಸಿದ್ಧ. ಸಾಲದ್ದಕ್ಕೆ ಪ್ರತಿ ಬೇಸಿಗೆಗೂ ತಾನು ಹೊಸದಾಗಿ ಒಂದು ವಿದ್ಯೆ ಕಲಿಯಬೇಕು. ಒಂದು ವರ್ಷ ಕೇಕು ಮಾಡುವುದು ಕಲಿತಳು. ಅದನ್ನು ನಮ್ಮ ಬೀದಿಯ ನಾಯಿ ಮೂಸಿ ನೋಡಿ ಮುಂದೆ ಹೋಯಿತು.

ಇದನ್ನೆಲ್ಲ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆಸಿ ಅಂಗಡಿಯ ಗೋಡೆಯ ಮೊಳೆಗೆ ತೂಗುಹಾಕುವಳು. ಮೊಬೈಲಿನಲ್ಲಿ ಮಾತಾಡಿ ಇಟ್ಟುಕೋ ಎಂದರೆ, "ಗ್ವಾಡಿ ಮ್ಯಾಲ ಇದ್ರ ಕಣ್ಣು ಹೊಡದು ಕರೀತೈತಿ" ಎನ್ನುವಳು. ಬರೆಯುವ ಕೆಲಸ ನನ್ನದು. ನಾನು ಐದನೇ ಕ್ಲಾಸು ದಾಟದವನು. ಆದರೂ ಶಾಲೆಯ ಹೊಸ್ತಿಲನ್ನೇ ತುಳಿಯದ ಅಕ್ಕನ ಮುಂದೆ ನಾನೇ ಪಂಡಿತ. ಒಂದೊಂದು ಕೆಲಸ ಮುಗಿದ ಹಾಗೆಲ್ಲ ಆ ಸಾಲಿನ ಪಕ್ಕ ದಬ್ಬಣದಿಂದ ಕೆಂಪು ದಾರದ ಹೊಲಿಗೆ ಹಾಕುತ್ತಿದ್ದಳು. ಕಾಗದಕ್ಕೂ ಗಾದಿಗೆ ಹಾಕುವ ಗಂಟೇ!

ಇನ್ನು ನನ್ನ ಸಂಗತಿ ಹೇಳುತ್ತೇನೆ. ಇಷ್ಟು ದಿನ ಯಾರಿಗೂ ಹೇಳಿಲ್ಲ.

ನಾಲ್ಕು ವರ್ಷದ ಹಿಂದೆ ಅವಳು ಎಂದಿನಂತೆ ಹಾಳೆ ತಂದು ನನ್ನ ಮುಂದೆ ಕೂತಳು. "ಬರಿ ತಮ್ಮಾ ದಾದು. ಒಂದು, ಕುರುಗೋಡು ಚಿಗವ್ವನ ಮಗಳ ಮದುವಿ ಗಾದಿ ನಾನ ಹೊಲಿಯೋದು. ಎರಡು, ಸಿರುಗುಪ್ಪದಾಗ ಅವ್ವಗ ಹೊಳಿ ತೋರ್ಸೋದು, ತಮ್ಮ ಆಟೋ ಹೊಡಿತಾನ. ಮೂರು, ತೆಕ್ಕಲಕೋಟಿ ಹಾಸ್ಟೆಲ್ಲಿನ ಗಾದಿ ಎಲ್ಲಾ ಮುಗಿಸೋದು. ನಾಕು, ತಮ್ಮ ನನಗ ಅಕ್ಷರ ಕಲಸ್ತಾನ."

ಎಲ್ಲದಕ್ಕೂ ತಮ್ಮ ಬೇಕು. ನನಗೆ ಮೈ ಉರಿಯಿತು. ನಾನು ಬರೆದದ್ದು ಹೀಗೆ: ಒಂದು, ಮದುವೆ ಊಟಕ್ಕೆ ಹೊಂಚು. ಎರಡು, ತಾಯಿಗೂ ಹುಚ್ಚು ಮಗಳಿಗೂ ಹುಚ್ಚು. ಮೂರು, ಊರೂರು ತಿರುಗುವ ಬಿಡಾಡಿ ದನ. ನಾಲ್ಕು, ಕೋಣನ ಮುಂದೆ ಕಿನ್ನರಿ ಬಾರಿಸಲು ನನಗೆ ಪುರಸೊತ್ತಿಲ್ಲ.

"ಎಷ್ಟು ದುಂಡಗ ಬರದೀಯೋ!" ಎಂದು ನನ್ನ ಗದ್ದ ಮುಟ್ಟಿ ತನ್ನ ಬೆರಳಿಗೆ ಮುತ್ತಿಟ್ಟುಕೊಂಡು, ತಾನೇ ತೂಗುಹಾಕಿದಳು.

ಮೊದಲೆರಡು ಕೆಲಸ ಮುಗಿದು ಎರಡು ಕೆಂಪು ಗಂಟು ಬಿದ್ದವು. ದಿಂಬು ಕೊಳ್ಳಲು ಬಂದ ಮೇಷ್ಟ್ರೊಬ್ಬರು ಗೋಡೆ ನೋಡಿ ನಗು ತಡೆಯಲಾರದೆ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಅಕ್ಕ ಮೆಚ್ಚಿದರೆಂದೇ ತಿಳಿದಳು. "ಎರಡು ಆಗ್ಯಾವ್ರಿ ಸರ, ಇನ್ನ ಎರಡು ಅದಾವ" ಎಂದಳು. "ಭಾಳ ಚಲೋ ಐತಮ್ಮಾ" ಎಂದರು. ನಾನು ಅವರತ್ತ ಕಣ್ಣು ಮಿಟುಕಿಸಿದೆ. ಸ್ವಂತ ಅಕ್ಕನನ್ನು ಪರರ ನಗೆಗೆ ಕೊಟ್ಟು ಕಣ್ಣು ಮಿಟುಕಿಸುವ ಗಂಡಸು ಎಂಥವನೆಂದು ಬೇರೆಯವರು ಹೇಳಬೇಕಾಗಿಲ್ಲ.

ತೆಕ್ಕಲಕೋಟೆಯಲ್ಲಿ ಹಾಸ್ಟೆಲಿನ ಮಕ್ಕಳು ರಜೆಗೆ ಊರಿಗೆ ಹೋಗಿದ್ದರು. ಅಕ್ಕ ಅಲ್ಲೇ ಉಳಿದಳು. ನಾನು ಬಳ್ಳಾರಿಯ ಅಂಗಡಿಗೂ ಅಲ್ಲಿಗೂ ಓಡಾಡುತ್ತಿದ್ದೆ. ಹೋದಾಗಲೆಲ್ಲ ಅವಳದು ಒಂದೇ ಮಾತು. "ಇವತ್ತು ಒಂದ ಅಕ್ಷರ ಹೇಳ್ಕೊಡೋ." "ಮುಂದಿನ ಬ್ಯಾಸಗಿಗೆ ನೋಡೂಣು" ಎಂದು ಆಟೋ ತಿರುಗಿಸುತ್ತಿದ್ದೆ. ಮೂರನೆಯ ಸಲದ ನಂತರ ಕೇಳುವುದನ್ನು ಬಿಟ್ಟಳು. ಸುಮ್ಮನಾದಳೆಂದು ನಾನು ಖುಷಿಪಟ್ಟೆ. ಅಷ್ಟರಲ್ಲಿ ಹಾಸ್ಟೆಲಿನ ಅಡುಗೆಯ ನಾಗರತ್ನಮ್ಮ, ಮಕ್ಕಳು ಬಿಟ್ಟುಹೋದ ಒಂದನೇ ಕ್ಲಾಸಿನ ಪುಸ್ತಕ ಹಿಡಿದು, ಗಾದಿಗಳ ನಡುವೆ ಕೂತು ದಿನವೂ ಅವಳಿಗೆ ಪಾಠ ಹೇಳುತ್ತಿದ್ದಳಂತೆ. ಒಂದೂವರೆ ತಿಂಗಳ ಪಾಠ.

ಕೆಲಸ ಮುಗಿಸಿ ಬಳ್ಳಾರಿಗೆ ಬಂದ ಮಧ್ಯಾಹ್ನ ಅಕ್ಕ ನೀರು ಸಹ ಕುಡಿಯಲಿಲ್ಲ. ದಾರ ಪೋಣಿಸಿದ ದಬ್ಬಣ ಹಿಡಿದು ನೇರ ಗೋಡೆಯ ಬಳಿ ಹೋದಳು. ಮೂರಕ್ಕೂ ನಾಲ್ಕಕ್ಕೂ ಗಂಟು ಹಾಕಬೇಕಲ್ಲ. ಹಾಕುವ ಮೊದಲು ಬೆರಳಿಟ್ಟು ಓದತೊಡಗಿದಳು. ಮೊದಲ ಸಾಲಿಗೆ ಹುಬ್ಬು ಗಂಟಿಕ್ಕಿತು. ಎರಡನೆಯದಕ್ಕೆ ಅವ್ವನ ಕಡೆ ತಿರುಗಿ ನೋಡಿದಳು. ಅವ್ವ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಮೂರನೆಯದನ್ನು ಬಾಯೊಳಗೇ ಓದಿಕೊಂಡಳು. ನಾಲ್ಕನೆಯದರಲ್ಲಿ ಬೆರಳು ನಿಂತಿತು.

"ಕೋಣನ ಮುಂದೆ... ಕಿ... ಇದೊಂದು ಗೊತ್ತಾಗವಲ್ದು. ಏನೋ ಇದು?"

"ಕಿನ್ನರಿ" ಎಂದೆ.

"ಹಂಗಂದ್ರ?"

"ತಂಬೂರಿ ಇದ್ದಂಗ. ಬಾರ್ಸೋದು."

"ಕೋಣ ಯಾರು?"

ನಾನು ನೆಲದ ಮೇಲಿನ ಹತ್ತಿ ಆಯತೊಡಗಿದೆ. ಅವಳು ಸಿಟ್ಟಾಗಿದ್ದರೆ, ದಬ್ಬಣದಿಂದ ಚುಚ್ಚಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ. "ಅಂತೂ ಒಂದು ಮಾತು ನೀನೂ ಕಲಿಸಿದಿ" ಎಂದಳು. ಆಮೇಲೆ ಒಳಗೆ ಹೋಗಿ ನೀರು ಕುಡಿದಳು.

ಆ ಮಳೆಗಾಲದಲ್ಲೇ ಸಿರುಗುಪ್ಪದಲ್ಲಿ ಕೋಣೆ ಹಿಡಿದು ತನ್ನದೇ ಗಾದಿ ಕೆಲಸ ಶುರು ಮಾಡಿದಳು. ಅವ್ವನೂ ಅವಳ ಹಿಂದೆಯೇ ಹೋದಳು. ತಪ್ಪಾಯಿತು ಎನ್ನಲು ನಾನು ಎಷ್ಟೋ ಸಲ ಬಸ್ ಹತ್ತಿದ್ದೇನೆ. ಹೋಗಿ ಹತ್ತಿಯ ದರ ಮಾತಾಡಿ ಬಂದಿದ್ದೇನೆ. ಐದನೇ ಕ್ಲಾಸಿನವರೆಗೆ ಓದಿದವನಿಗೆ ಆ ಒಂದು ಮಾತು ಬಾಯಿಗೆ ಬರಲಿಲ್ಲ.

ಈ ವರ್ಷ ಯುಗಾದಿಗೆ ಮುಂಚೆ ಹೋಗಿದ್ದೆ. ಅವ್ವ ಪಕ್ಕದ ಮನೆಗೆ ಹೋಗಿದ್ದಳು. ಗೋಡೆಯ ಮೇಲೆ ಅಕ್ಕನ ಸ್ವಂತ ಅಕ್ಷರದ ಹಾಳೆ ಇತ್ತು. ಸೊಟ್ಟ ಅಕ್ಷರ, ಆದರೆ ಹಾಳೆ ತುಂಬಿತ್ತು. ಕುರುಗೋಡಿನಲ್ಲಿ ಚಿಗವ್ವನ ಮೊಮ್ಮಗನ ತೊಟ್ಟಿಲು, ಅವ್ವನ ಕಣ್ಣಿನ ಆಪರೇಷನ್, ನಾಗರತ್ನಮ್ಮನ ಜತೆ ಮೈಸೂರು, ಏಳನೇ ಕ್ಲಾಸಿನ ಪರೀಕ್ಷೆ. ಆ ಸುಡುವ ಎರಡು ತಿಂಗಳಲ್ಲಿ ಅವಳಿಗೆ ಒಂದು ದಿನವೂ ಬಿಡುವಿಲ್ಲ.

"ನನ್ನ ಹೆಸರು ಎಲ್ಲೈತಿ ಅಕ್ಕಾ?" ಎಂದೆ. ನಗುತ್ತ ಕೇಳಬೇಕೆಂದಿದ್ದೆ, ದನಿ ಹಾಗೆ ಬರಲಿಲ್ಲ.

ಅವಳು ಚೀಲಕ್ಕೆ ದಾರದ ಉಂಡೆ ತುಂಬುತ್ತಿದ್ದಳು. "ನಿನಗ ಓದಾಕ ಬರ್ತೈತಲ್ಲ, ಹುಡುಕು" ಎಂದಳು.

ಮೇಲಿನಿಂದ ಕೆಳಗೆ ಓದಿದೆ. ಕೆಳಗಿನಿಂದ ಮೇಲಕ್ಕೆ ಓದಿದೆ. ಮೂರನೆಯ ಸಲ ಬೆರಳಿಟ್ಟು ಓದುತ್ತಿದ್ದಾಗ ಅವಳು ಚಪ್ಪಲಿ ಮೆಟ್ಟಿಕೊಂಡು, "ಗಿರಾಕಿ ಕಾಯಾಕತ್ತಾರ. ಹೋಗೋವಾಗ ಬಾಗಲಾ ಮುಂದ ಎಳ್ಕೊಂಡು ಹೋಗು" ಎಂದು ಬಿಸಿಲಿಗೆ ಇಳಿದಳು.