ತಂಗಿ ತಂದ ಕರಿ ಇಟ್ಟಿಗೆ

ಅಜ್ಜಂಪುರದಲ್ಲಿ ನಮ್ಮದು ಕುಲುಮೆ. ಗಾಡಿ ಚಕ್ರಕ್ಕೆ ಪಟ್ಟಿ ಹಾಕೋದು, ನೇಗಿಲಿನ ಗುಳ ತಟ್ಟೋದು, ಕುಡುಗೋಲು ಹದ ಮಾಡೋದು ಅಪ್ಪನ ಕೆಲಸ. ತಿದಿ ಒತ್ತೋದು, ಸುತ್ತಿಗೆ ಬೀಸೋದು ನನ್ನದು. ಓದು ನನಗೆ ಹತ್ತಲಿಲ್ಲ. ತಂಗಿಗೆ ಹತ್ತಿತು. ದಿನಾ ಬಸ್ಸಿನಲ್ಲಿ ತರೀಕೆರೆಗೆ ಹೋಗಿ ಕಾಲೇಜು ಓದಿದಳು. ಆಮೇಲೆ ಶಿವಮೊಗ್ಗದ ಹಾಸ್ಟೆಲ್ಲು. ಎಂಬತ್ತರ ದಶಕದ ಶುರುವಿಗೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲೇನು ಮಾಡ್ತೀಯ ಎಂದು ಅಪ್ಪ ಕೇಳಿದಾಗಲೆಲ್ಲ, "ನಂದೂ ಬೆಂಕಿ ಕೆಲಸಾನೇ ಕಣಪ್ಪಾ" ಅಂತಿದ್ದಳು.

ಒಂದು ಸಲ ರಜೆಗೆ ಬಂದವಳು ಮನೆಗೂ ಹೋಗದೆ ನೇರ ಕುಲುಮೆಗೆ ಬಂದಳು. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಕರಿ ಇಟ್ಟಿಗೆಯೊಂದನ್ನು ಅಪ್ಪನ ಕೈಗೆ ಕೊಟ್ಟಳು. ಭಾರ ಇರುತ್ತೆ ಅಂತ ಬಿಗಿಯಾಗಿ ಹಿಡಿದಿದ್ದ ಅಪ್ಪನ ಕೈ ಮೇಲಕ್ಕೆ ಹಾರಿತು.

"ಏನವ್ವಾ ಇದು, ಬೆಂಡು ಇದ್ದಂಗೈತೆ!"

ರೇಯಾನ್ ನೂಲನ್ನು ಗಾಳಿ ಸೋಕದಂತೆ ಕಾಯಿಸಿದರೆ ಬೂದಿಯಾಗದೆ ಕರಿ ಎಳೆಯಾಗಿ ಉಳಿಯುತ್ತದಂತೆ. ಅದನ್ನು ಚೂರು ಮಾಡಿ, ಅಂಟಿನ ಜೊತೆ ನೀರಲ್ಲಿ ಕದಡಿ, ಜರಡಿಯಲ್ಲಿ ಬಸಿದು, ಒಣಗಿಸಿ, ಮತ್ತೆ ಗಾಳಿಯಿಲ್ಲದ ಕುಲುಮೆಯಲ್ಲಿ ಕಾಯಿಸಿದರೆ ಈ ಇಟ್ಟಿಗೆ. ಎಳೆಗಳ ನಡುವೆ ಬರೀ ಪೊಳ್ಳು, ಶಾಖಕ್ಕೆ ದಾಟಿ ಬರೋ ದಾರಿಯೇ ಕಡಿಮೆ. ಎಷ್ಟೋ ತಿಂಗಳು ಹೊರಗೆ ತೆಗೆದಾಗಲೆಲ್ಲ ಬಿರುಕು ಬಿಟ್ಟಿರುತ್ತಿತ್ತು. ಶಾಖವನ್ನು ತೀರ ನಿಧಾನಕ್ಕೆ ಏರಿಸಿದರೆ ಬಿರಿಯಲ್ಲ ಎಂದು ಕಂಡುಕೊಂಡವಳು ನಮ್ಮ ತಂಗಿ. ಇದರ ಒಂದು ಮೂಲೆ ಮುರಿದಿತ್ತು. ಅದಕ್ಕೇ ಮನೆಯಲ್ಲಿ ತೋರಿಸಿ ತರೋಕೆ ಮೇಲಿನವರು ಒಪ್ಪಿದ್ದರು.

ಗುಳ ತಟ್ಟಿಸಲು ಚೌಳಹಿರಿಯೂರಿನಿಂದ ಬಂದು ಕೂತಿದ್ದ ಯಜಮಾನರೊಬ್ಬರು ನಕ್ಕರು. ಹೆಣ್ಣುಮಗಳಿಗೆ ಇಷ್ಟೊಂದು ಓದು ಯಾಕೆ ಎಂದು ಹಿಂದೆ ಅಪ್ಪನಿಗೆ ಬುದ್ಧಿ ಹೇಳಿದ್ದವರು ಅವರೇ. "ಇದ್ದಿಲು ಕಣ್ರೀ ಆಚಾರ್ರೇ ಅದು. ಬೆಂಕಿ ಸೋಕಿದ್ರೆ ಧಗ್ ಅಂತದೆ."

ತಂಗಿ ಇಟ್ಟಿಗೆಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಕೈ ಚಾಚಿದಳು. "ಅಪ್ಪಾ, ಇದರ ಮೇಲೆ ಕಾದ ಕಬ್ಬಿಣ ಇಡು."

ಅಪ್ಪ ಕೆಂಪಗೆ ಕಾದ ತುಂಡನ್ನು ಇಕ್ಕಳದಲ್ಲಿ ಎತ್ತಿ ಅವಳ ಕೈ ಹತ್ತಿರದವರೆಗೂ ತಂದ. ಅಲ್ಲೇ ನಿಂತುಬಿಟ್ಟ. ಬೆಂಕಿ ಮುಂದೆ ಅಪ್ಪ ಹಿಂಜರಿದಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

"ನನ್ ಕೈಲಿ ಆಗಲ್ಲ ಕಣವ್ವಾ" ಅಂದವನು ಇಕ್ಕಳವನ್ನು ನನಗೆ ಕೊಟ್ಟು, ಇಟ್ಟಿಗೆಯನ್ನು ಅವಳಿಂದ ಇಸ್ಕೊಂಡು ತನ್ನ ಅಂಗೈ ಮೇಲಿಟ್ಟುಕೊಂಡ. "ಲೇ, ನೀನಿಡೋ."

ನಾನು ತಂಗಿಯ ಮುಖ ನೋಡಿದೆ. "ಇಡಣ್ಣ, ಏನೂ ಆಗಲ್ಲ" ಅಂದಳು. ಇಟ್ಟೆ.

ಕಬ್ಬಿಣ ತಾಗಿದ ಕಡೆ ಕರಿ ಮೈ ಕೆಂಪಗಾಯಿತು, ಹತ್ತಿ ಉರಿಯಲಿಲ್ಲ. ಕಬ್ಬಿಣದ ಕೆಂಪು ಇಳಿಯುವವರೆಗೂ ಅಪ್ಪ ಕೈ ಕದಲಿಸಲಿಲ್ಲ. ಯಜಮಾನರು ಎದ್ದು ಬಂದು, ಬಗ್ಗಿ, ಅಪ್ಪನ ಕೈಯ ಕೆಳಗೆ ನೋಡಿದರು.

"ಸುಡ್ತಿಲ್ವೇನ್ರೀ?"

"ಎಲ್ಲಿ ಸುಡ್ತದೆ! ನನ್ನ ಮಗಳು ಮಾಡಿರೋದು ಕಣ್ರೀ."

ಅವಳು ತಲೆ ತಗ್ಗಿಸಿ ನಕ್ಕಳು.

ನಮ್ಮ ಕುಲುಮೆಗೂ ಇಂಥದ್ದನ್ನೇ ಕಟ್ಟಬಹುದಾ ಎಂದು ಅಪ್ಪ ಕೇಳಿದ. ಆಗಲ್ಲ, ತಿದಿಯ ಗಾಳಿಗೆ ದಿನದಿನಕ್ಕೂ ಸವೆದು ಹೋಗುತ್ತೆ, ಇದು ಗಾಳಿಯಿಲ್ಲದ ಕುಲುಮೆಗೆ ಮಾತ್ರ ಅಂದಳು. "ಗಾಳಿಯಿಲ್ಲದ ಕುಲುಮೆ!" ಎಂದು ಅಪ್ಪ ಬಿದ್ದುಬಿದ್ದು ನಕ್ಕ.

ಅಂಥ ಕುಲುಮೆಯನ್ನೂ ಕೊನೆಗೆ ನೋಡಿದ. ಅವಳ ಇಟ್ಟಿಗೆಗಳನ್ನು ಒಳಗೋಡೆಗೆ ಜೋಡಿಸಿದ ಮೇಲೆ ತಂಗಿಯೇ ಬೆಂಗಳೂರಿಗೆ ಕರೆಸಿಕೊಂಡು ತೋರಿಸಿದಳು. ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದ ಅಪ್ಪ ವಾಪಸ್ ಬರುವಾಗ ಕಡೂರು ಬಸ್ ಸ್ಟ್ಯಾಂಡಿನಲ್ಲೇ ಪರಿಚಯದವರಿಗೆಲ್ಲ ಹೇಳಲು ಶುರು ಮಾಡಿದ್ದನಂತೆ. ನನಗೆ ಹೇಳುವಾಗಲೂ ಉಸಿರು ತಗೊಳ್ಳಲಿಲ್ಲ: "ಒಳಗೆ ಸೂರ್ಯ ಇದ್ದಂಗೆ ಬೆಳಕು ಕಣೋ. ಹೊರಗೆ ಅದರ ಗೋಡೆಗೇ ಒರಗಿಕೊಂಡು ನಿಂತಿದ್ಲು ನಿನ್ ತಂಗಿ."