ಹಾಳೆ ಎಳೆಯುವ ಮೊದಲು

ಅವರ ಎಡಗೈಯ ಕಿರುಬೆರಳು ಕೊನೆಯ ಗೆಣ್ಣಿನಲ್ಲಿ ಒಳಕ್ಕೆ ಬಾಗಿತ್ತು. ಚಹಾದ ಲೋಟ ಹಿಡಿದಾಗ ಆ ಬೆರಳೊಂದು ಕೊಕ್ಕೆಯಂತೆ ದೂರ ನಿಂತಿರುತ್ತಿತ್ತು. ವರ್ಷಗಟ್ಟಲೆ ಟೈಪ್‌ರೈಟರಿನ ಅಂಚಿನ ಕೀಲಿ ಒತ್ತಿ ಒತ್ತಿ ಹಾಗಾದದ್ದು ಎಂದು ವಿದ್ಯಾರ್ಥಿಗಳಾದ ನಾವು ನಂಬಿದ್ದೆವು. ಹುಟ್ಟಿನಿಂದಲೇ ಹಾಗಿತ್ತೋ ಏನೋ, ಯಾರೂ ಕೇಳಲಿಲ್ಲ. ಅವರ ಬಗ್ಗೆ ಅನುಮಾನವಿಲ್ಲದೆ ನೆನಪಿರುವುದು ಆ ಬೆರಳೊಂದೇ. ಉಳಿದುದಕ್ಕೆಲ್ಲ ಸಾಕ್ಷಿ ನಾನೊಬ್ಬನೇ, ಆ ಸಾಕ್ಷಿಯ ಮೇಲೆ ನನಗೆ ಈಗ ಅಷ್ಟು ವಿಶ್ವಾಸವಿಲ್ಲ.

ಅವರು ಹೊಳಲ್ಕೆರೆಯಲ್ಲಿ ನನಗೆ ಟೈಪಿಂಗ್ ಕಲಿಸಿದವರು. ನಾವೆಲ್ಲ ಟೀಚರ್ ಎನ್ನುತ್ತಿದ್ದೆವು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಆರು ಮಷೀನು, ಹಿಂದೆ ಅಡುಗೆಮನೆ, ನಡುವೆ ಒಂದು ಪರದೆ. ಮದುವೆಯಾಗಿರಲಿಲ್ಲ. ಮಾಡದಕೆರೆಯಲ್ಲಿ ಅವರ ಅಕ್ಕ ಇದ್ದರು, ಹಬ್ಬಕ್ಕೆ ಅಲ್ಲಿಗೆ ಹೋಗಿಬರುತ್ತಿದ್ದರು. ಪರದೆಯ ಆಚೆ ಒಗ್ಗರಣೆ ಹಾಕುತ್ತಲೇ, "ಮೂರ್ನೇ ಮಷೀನು, ಯಾರಪ್ಪ ಅದು, ಒಂದೇ ಬೆರಳಲ್ಲಿ ಕುಟ್ಟೋದು? ಮೆಣಸಿನಕಾಯಿ ಕುಟ್ತಿದೀಯೇನು?" ಎಂದು ಕೂಗುತ್ತಿದ್ದರು. ಸದ್ದಿನಲ್ಲೇ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು.

ಒಂದು ನಿಯಮವನ್ನು ಮಾತ್ರ ಅವರು ಯಾರಿಗೂ ಸಡಿಲಿಸಿದ್ದಿಲ್ಲ. ಟೈಪು ಮುಗಿದ ತಕ್ಷಣ ಹಾಳೆ ಎಳೆಯುವಂತಿಲ್ಲ. ರೋಲರನ್ನು ಹಿಂದಕ್ಕೆ ತಿರುಗಿಸಿ, ಮೊದಲ ಸಾಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಬೇಕು. "ಹಾಳೆ ಮಷೀನೊಳಗಿರೋ ತನಕ ಅದು ನಿಂದು. ಹೊರಗೆ ಬಂದ್ಮೇಲೆ ಓದೋರದ್ದು ಕಣಪ್ಪ. ಆಮೇಲೆ ನೀನು ಬಾಯಿ ಬಡ್ಕೊಂಡ್ರೂ ಆಗಾಕಿಲ್ಲ." ನಾನು ಸೀನಿಯರ್ ಪರೀಕ್ಷೆ ಪಾಸು ಮಾಡಿ, ಎಂ.ಎ.ಗೆ ಹೋಗಿ, ಎಲ್ಲವನ್ನೂ ಪ್ರಶ್ನಿಸಬೇಕೆಂದು ಕಲಿತು ಊರಿಗೆ ಮರಳಿದೆ. ಆ ನಿಯಮವನ್ನು ಅಷ್ಟರಲ್ಲಿ ಮರೆತಿದ್ದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾನು ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕ. ಟೈಪಿಂಗ್ ಕಲಿಯುವವರು ಕಡಿಮೆಯಾಗಿದ್ದರು. ಟೀಚರ್ ಒಂದು ಹಳೆಯ ಕಂಪ್ಯೂಟರ್ ಕೊಂಡಿದ್ದರು. ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿ ಹುಡುಗರಿಗೆ ಅರ್ಜಿ ತುಂಬಿಕೊಡುವ, ಫಲಿತಾಂಶ ತೆಗೆದುಕೊಡುವ ಆಲೋಚನೆ ಅವರದು. ಒಂದು ಖಾಸಗಿ ಕಂಪನಿಯ ಏಜೆಂಟನನ್ನು ಕರೆತಂದವನು ನಾನೇ. ಮೋಡೆಮ್ ಪುಕ್ಕಟೆ, ತಂತಿ ಎಳೆಯುವುದು ಪುಕ್ಕಟೆ, ಅವತ್ತೇ ಕೊನೆಯ ದಿನ ಎಂದಿದ್ದ ಅವನು.

ನಾವು ಹೋದಾಗ ಒಳಗೆ ಸ್ಪೀಡ್ ಟೆಸ್ಟು ನಡೆಯುತ್ತಿತ್ತು. ಕೈಯಲ್ಲಿ ಗಡಿಯಾರ ಹಿಡಿದ ಟೀಚರ್ ತಲೆ ಎತ್ತದೆ, "ಫಾರ್ಮು ಅಲ್ಲಿಡಪ್ಪ, ಓದಿ ಸಹಿ ಹಾಕ್ತೀನಿ" ಎಂದರು. ಏಜೆಂಟ್ ಬಸ್ಸು ತಪ್ಪುತ್ತದೆಂದು ಬಾಗಿಲಲ್ಲಿ ಚಡಪಡಿಸುತ್ತಿದ್ದ. ಆಮೇಲಿನದು ನನಗೆ ಕಣ್ಣಿಗೆ ಕಟ್ಟಿದಂತಿದೆ: ಟೆಸ್ಟು ಮುಗಿಯಿತು, ಟೀಚರ್ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು, ನಕ್ಕು ಸಹಿ ಹಾಕಿದರು.

ಹತ್ತು ತಿಂಗಳಿಗೆ ಮಾಡದಕೆರೆಯ ಅಕ್ಕನಿಗೆ ಲಕ್ವ ಹೊಡೆಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ; ಅಕ್ಕನ ಮಗಳನ್ನು ದೂರದ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಟೀಚರ್ ಮನೆ ಖಾಲಿ ಮಾಡಲು ನಿಶ್ಚಯಿಸಿದರು. ಐದು ಮಷೀನನ್ನೂ ಕಂಪ್ಯೂಟರನ್ನೂ ಮಾರಿ ಅಕ್ಕನ ಆಸ್ಪತ್ರೆಯ ಖರ್ಚು ತೀರಿಸಿ, ಒಳ್ಳೆಯ ಸ್ಥಿತಿಯಲ್ಲಿದ್ದ ಕನ್ನಡ ಮಷೀನೊಂದನ್ನು ಉಳಿಸಿಕೊಂಡರು. "ಅಲ್ಲಿ ಜನ ಒಂದರ್ಜಿ ಟೈಪು ಮಾಡ್ಸಾಕೆ ಹೊಸದುರ್ಗಕ್ಕೆ ಹೋಗ್ತಾರೆ. ಅಕ್ಕನ ಮಂಚದ ಪಕ್ಕನೇ ಇಟ್ಕಂಡು ಕುಂತ್ರೆ ಊಟಕ್ಕಾಗ್ತೈತೆ" ಎಂದಿದ್ದರು. ಅದೊಂದೇ ಅವರ ಜೀವನೋಪಾಯವಾಗಬೇಕಿತ್ತು.

ಬ್ರಾಡ್‌ಬ್ಯಾಂಡ್ ಬಿಡಿಸಲು ಚಿತ್ರದುರ್ಗದ ಕಚೇರಿಗೆ ಇಬ್ಬರೂ ಹೋದೆವು. ಕೌಂಟರಿನ ಹುಡುಗ ಕಂಪ್ಯೂಟರ್ ನೋಡಿ, "ಎರಡು ವರ್ಷದ ಕರಾರು ಐತೆ ಮೇಡಂ. ಇನ್ನೂ ಹದಿನಾಲ್ಕು ತಿಂಗ್ಳು ಬಾಕಿ. ಈಗ ಬಿಟ್ರೆ ದಂಡ ಕಟ್ಬೇಕು" ಎಂದ.

ನಾನು ರೇಗಿದೆ. ಟೀಚರ್ ರೇಗಲಿಲ್ಲ. "ಹೆಂಗೆ ಲೆಕ್ಕ ಅಂತ ಹೇಳಪ್ಪ" ಎಂದು ಕುರ್ಚಿ ಎಳೆದುಕೊಂಡು ಕೂತರು. ಅವನು ಹೇಳಿದ ಮೇಲೆ ನನ್ನ ಕಡೆ ತಿರುಗಿ, "ಮೋಡೆಮ್ ಪುಕ್ಕಟೆ ಅಲ್ಲ ಕಣಪ್ಪ. ಅದ್ರ ಬೆಲೆನ ಎರಡು ವರ್ಷದ ಬಿಲ್ಲಿಗೆ ಹಂಚಿದಾರೆ. ನಡುವೆ ಎದ್ದು ಹೋದ್ರೆ ಉಳಿದದ್ದು ಒಟ್ಟಿಗೆ ಕೇಳ್ತಾರೆ. ಅಷ್ಟೇ" ಎಂದರು. ಮತ್ತೆ ಹುಡುಗನಿಗೆ, "ಆತು. ಮಾಡದಕೆರೆಗೆ ನಿಮ್ಮ ತಂತಿ ಹಾಕಿ ಕೊಡ್ರಿ, ಅಲ್ಲೇ ಕಟ್ಕಂಡು ಹೋಗ್ತೀನಿ."

"ಅಲ್ಲಿಗೆ ನಮ್ಮ ಲೈನಿಲ್ಲ ಮೇಡಂ."

"ಹಂಗಾದ್ರೆ ಬಿಟ್ಟೋರು ಯಾರು? ನಾನೋ, ನೀವೋ?"

ಹುಡುಗನಿಗೆ ನಗು ಬಂತು. ಎದ್ದು ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ನಡುವಯಸ್ಸಿನ, ಸೌಮ್ಯ ಮನುಷ್ಯ. ಫಾರ್ಮು ತರಿಸಿ ಟೀಚರ್ ಮುಂದಿಟ್ಟರು. "ಹಿಂದ್ಗಡೆ ಬರ್ದೈತೆ ನೋಡ್ರಿ ತಾಯಿ. ಮನೆ ಬದಲಾಯಿಸಿದ್ರೂ, ಲೈನಿಲ್ಲದಿದ್ರೂ ದಂಡ ಐತೆ. ಓದಿ ಒಪ್ಪಿದೀನಿ ಅಂತ ಕೆಳಗೆ ನಿಮ್ಮ ಸಹಿ."

ಟೀಚರ್ ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. ಹಾಳೆ ತಿರುವಿ, ಹಿಂದಿನ ಸಣ್ಣ ಅಕ್ಷರವನ್ನೂ ಓದಿ, ಮತ್ತೆ ಮುಂದಕ್ಕೆ ಬಂದರು. ಬೆರಳು ಸಹಿಯ ಕೆಳಗೆ ನಿಂತಿತು. ಬಹಳ ಹೊತ್ತು ನಿಂತಿತು.

ಮ್ಯಾನೇಜರ್ ದನಿ ತಗ್ಗಿಸಿದರು. "ಏನ್ ತಾಯಿ, ಸಹಿ ನಿಮ್ದಲ್ವಾ? ಅಲ್ಲ ಅಂದ್ರೆ ಹೇಳ್ರಿ. ಕರಾರೇ ಬಿದ್ದು ಹೋಗ್ತೈತೆ, ನೀವು ಒಂದು ಪೈಸೆ ಕಟ್ಟಂಗಿಲ್ಲ. ಹಾಕಿದೋರ ಮೇಲೆ ನಾವು ಪೊಲೀಸ್ ಕಂಪ್ಲೇಂಟ್ ಕೊಡ್ತೀವಿ."

"ಸಹಿ ನಂದೇ" ಎಂದರು ಟೀಚರ್.

ಮುಂದಿನ ವಾರ ಕನ್ನಡ ಮಷೀನನ್ನು ಮಾರಿ ದಂಡ ಕಟ್ಟಿದರು.

ಅವತ್ತು ಕಚೇರಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ ನಾನು ದಾರಿಯುದ್ದಕ್ಕೂ ಮಾತಾಡಿದೆ. ಬಲಶಾಲಿ ಬರೆದ ಕರಾರಿನಲ್ಲಿ ದುರ್ಬಲನ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದೆಲ್ಲ ಹೇಳಿದ್ದು ನೆನಪಿದೆ. ಅವರು ಕಿಟಕಿಯ ಆಚೆ ನೋಡುತ್ತಿದ್ದರು. ಊರು ಹತ್ತಿರ ಬಂದಾಗ, "ಓದ್ಬೇಕಾಗಿತ್ತು ಕಣಪ್ಪ. ಇಬ್ರಲ್ಲಿ ಒಬ್ರಾದ್ರೂ" ಎಂದರು. ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಇಳಿಯುವ ಮೊದಲು ಕೇಳಿದರು: "ನಿನ್ನ ಪೊಲೀಸ್ ಪರಿಶೀಲನೆ ಮುಗೀತಾ?" ಕಾಯಂ ಉಪನ್ಯಾಸಕರ ಆಯ್ಕೆಪಟ್ಟಿಯಲ್ಲಿ ಆಗತಾನೆ ನನ್ನ ಹೆಸರು ಬಂದಿತ್ತು. ಆ ಹುದ್ದೆಯ ಅರ್ಜಿ ಟೈಪು ಮಾಡಿಕೊಟ್ಟವರು ಅವರೇ. "ಇನ್ನೂ ಇಲ್ಲ ಟೀಚರ್" ಎಂದೆ. "ಆಗ್ತೈತೆ ಬಿಡು" ಎಂದರು.

ಅಕ್ಕ ತೀರಿಕೊಂಡು ವರ್ಷ ತುಂಬುವುದರೊಳಗೆ ಟೀಚರೂ ಮಾಡದಕೆರೆಯಲ್ಲೇ ಹೋದರು. ಕೊನೆಯ ದಿನಗಳಲ್ಲಿ ಜನರ ಅರ್ಜಿಗಳನ್ನು ಕೈಯಲ್ಲೇ ಬರೆದುಕೊಡುತ್ತಿದ್ದರಂತೆ. ಕಿರುಬೆರಳು ನೋಯುತ್ತದೆ ಎನ್ನುತ್ತಿದ್ದರಂತೆ. ತಿಥಿಗೆ ಹೋದ ನನ್ನ ಕೈಗೆ ಅಕ್ಕನ ಮಗಳು ಒಂದು ಫೈಲು ಕೊಟ್ಟಳು. "ಚಿಕ್ಕಮ್ಮನ ಕಾಗದ ನಮಗೇನೂ ತಿಳಿಯಲ್ಲ ಸಾರ್, ನೀವೇ ನೋಡ್ರಿ." ಅದರಲ್ಲಿ ದಂಡ ಕಟ್ಟಿದ ರಸೀದಿಯಿತ್ತು. ಅದಕ್ಕೆ ಪಿನ್ನು ಹಾಕಿ ಆ ಫಾರ್ಮಿನ ಜೆರಾಕ್ಸ್ ಸೇರಿಸಿದ್ದರು.

ಸಹಿಯಲ್ಲಿ ಹೆಸರು ಅವರದು. ಓರೆಯಾದ ಅಕ್ಷರ, ಕೊನೆಯಲ್ಲಿ ಕೆಳಗೆ ಎಳೆದ ಎರಡು ಗೀಟು ನನ್ನವು. ನಾನು ಇವತ್ತಿಗೂ ಸಹಿಯ ಕೆಳಗೆ ಎಳೆಯುವುದು ಹಾಗೆಯೇ. ಮನೆಗೆ ಬಂದು, ಅವರು ಸಹಿ ಮಾಡಿಕೊಟ್ಟ ನನ್ನ ಟೈಪಿಂಗ್ ಸರ್ಟಿಫಿಕೇಟನ್ನು ಪಕ್ಕದಲ್ಲಿಟ್ಟು ನೋಡಿದೆ. ಅವರ ಸಹಿ ನೆಟ್ಟಗೆ ನಿಂತಿತ್ತು, ಗೀಟಿಲ್ಲದೆ.

ಕಣ್ಣು ಮುಚ್ಚಿದರೆ ಟೀಚರ್ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಸಹಿ ಹಾಕುವುದು ಈಗಲೂ ಕಾಣುತ್ತದೆ. ಆ ನಗುವೂ ಕಾಣುತ್ತದೆ. ಏಜೆಂಟನ ಅವಸರಕ್ಕೆ ನಾನೇ ಸಹಿ ಗೀಚಿ, ಆಮೇಲೆ ಅವರಿಗೆ ಹೇಳಿದ್ದೆನೋ? ಹೇಳಿರಬಹುದು. ಹಾಗೆಂದು ನಂಬಿದರೆ ನನಗೆ ಅನುಕೂಲ. ಅದಕ್ಕೇ ನಂಬುವುದಿಲ್ಲ.

ಇಷ್ಟನ್ನು ಬರೆದು ಮೊದಲ ಸಾಲಿನಿಂದ ಬೆರಳಿಟ್ಟು ಓದಿದ್ದೇನೆ. ನಾನು ಬಲ್ಲಂತೆ ಟೀಚರ್ ಹೇಳಿದ ಸುಳ್ಳು ಒಂದೇ. ಅದನ್ನು ತಿದ್ದದೆ ಈ ಹಾಳೆಯನ್ನು ಹೊರಗೆ ಎಳೆಯಲಾರೆ. ಅವರದಲ್ಲ, ಆ ಸಹಿ ನನ್ನದು.