ಹಾಡಿನ ಹಿಂದೆ ಬರೆದ ಹೆಸರು

ಡಬ್ಬಿಯ ಮೇಲೆ ತೊಗರಿಬೇಳೆ ಎಂದು ಬರೆದಿದ್ದರೆ ಒಳಗೆ ತೊಗರಿಬೇಳೆಯೇ ಇರಬೇಕು. ಸಾಸಿವೆ ಸಿಕ್ಕರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಸವಣೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿಯಲ್ಲಿ ಕೂತು ದಿನವಿಡೀ ಲಗ್ನಪತ್ರಿಕೆ ಟೈಪ್ ಮಾಡುವವಳು ನಾನು. ಒಂದು ಹೆಸರು ಆಚೀಚೆಯಾದರೆ ಎರಡೂ ಕಡೆಯ ಬೀಗರು ಬಂದು ನನ್ನ ಜುಟ್ಟು ಹಿಡಿಯುತ್ತಾರೆ. ಇಂಥ ನನ್ನ ಕೈಗೆ ಅವ್ವನ ಹೊಸ ಫೋನು ಬಂತು. ಅದರ ತುಂಬ ಹಾನಗಲ್ಲಿನ ಯಾವುದೋ ಮೊಬೈಲ್ ಅಂಗಡಿಯವನು ತುಂಬಿಸಿಕೊಟ್ಟ ಹಾಡುಗಳಿದ್ದವು.

ಪ್ರತಿ ಹಾಡಿನ ಫೈಲಿನ ಹಿಂದೆ ಕಾಣದಂತೆ ಸಣ್ಣ ಸಣ್ಣ ಗೂಡುಗಳಿರುತ್ತವೆ. ಹಾಡಿನ ಹೆಸರಿಗೊಂದು, ಹಾಡಿದವರಿಗೊಂದು, ವರ್ಷಕ್ಕೊಂದು. ಟ್ಯಾಗ್ ಅನ್ನುತ್ತಾರೆ. ಆ ಪುಣ್ಯಾತ್ಮ ಹಾಡಿದವರ ಗೂಡಿನಲ್ಲಿ ತನ್ನ ಅಂಗಡಿಯ ಫೋನ್ ನಂಬರ್ ಬರೆದುಕೊಂಡಿದ್ದ! ತತ್ವಪದ ಹಾಡಿದವನೂ ಅವನೇ, ಸೋಬಾನೆ ಹಾಡಿದವನೂ ಅವನೇ. ಒಂದು ಭಾನುವಾರ ತವರುಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ತವರುಮನೆ ಅಂದರೆ ದೂರವೇನಲ್ಲ, ನನ್ನನ್ನು ಕೊಟ್ಟದ್ದು ಇದೇ ಊರಿನಲ್ಲಿ ಎರಡು ಓಣಿ ಆಚೆಗೆ. ಸಂಜೆಯ ಹೊತ್ತಿಗೆ ಯಾರು ಹಾಡಿದ್ದಾರೋ ಅವರ ಹೆಸರು ಅವರವರ ಗೂಡಿಗೆ ಸೇರಿತು.

"ಎವ್ವಾ, ಇನ್ನ ನೀ ಅಕ್ಷರ ಒತ್ತೂದು ಬ್ಯಾಡ. ಈ ಮೈಕಿನ ಗುರುತು ಒತ್ತಿ ಹಾಡಿದವ್ರ ಹೆಸರು ಹೇಳು, ಅವ್ರ ಹಾಡು ತಾನ ಬರ್ತಾವು" ಎಂದು ಹೇಳಿಕೊಟ್ಟೆ. ಅವ್ವನಿಗೆ ಬೇಕಾದದ್ದು ಒಬ್ಬರೇ ಒಬ್ಬರ ಹಾಡು. ಚಿಕ್ಕೇರೂರಿನ ತನ್ನ ತವರಿನಲ್ಲಿ ಹುಡುಗಿಯಾಗಿದ್ದಾಗ ರೇಡಿಯೊದಲ್ಲಿ ಕೇಳಿದ್ದ ತತ್ವಪದದ ದನಿ ಅದು. ಆ ದನಿ ಇಲ್ಲದೆ ಅವಳ ರೊಟ್ಟಿ ಉಬ್ಬುವುದಿಲ್ಲ. ಖುಷಿಯಿಂದ ಫೋನನ್ನು ಬಾಯಿಯ ಹತ್ತಿರ ತಂದವಳು ಹಾಗೇ ತೊಡೆಯ ಮೇಲಿಟ್ಟುಕೊಂಡಳು.

"ಅದನ್ನ ನಾ ಹೆಂಗ ಹೇಳ್ಲೆ?" ಅಂದಳು.

ಆಗ ಹೊಳೆಯಿತು ನನಗೆ. ಅಯ್ಯ ಶಿವನೆ! ಆ ಹಾಡುಗಾರರ ಹೆಸರೂ ನಮ್ಮಪ್ಪನ ಹೆಸರೂ ಒಂದೇ.

ಗಂಡನ ಹೆಸರನ್ನು ಅವ್ವ ಹೇಳುವುದಿಲ್ಲ. ಮದುವೆಯಾಗಿ ಬಂದ ದಿನ ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತೇವೆ ಎಂದು ಹಟ ಹಿಡಿದಿದ್ದರಂತೆ. ಎಲ್ಲ ಹೊಸ ಸೊಸೆಯರೂ ಆ ಒಂದು ದಿನ ಪ್ರಾಸ ಹೊಂದಿಸಿ ಹೇಳಿಬಿಡುತ್ತಾರೆ. ಅವ್ವ ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಹಸಿವು ತಾಳಲಾರದೆ ಅಪ್ಪ ತಾನೇ ತನ್ನ ಹೆಸರು ಕೂಗಿ ಹೇಳಿ ಹೆಂಡತಿಯನ್ನು ಒಳಗೆ ಕರೆದುಕೊಂಡನಂತೆ. ರೇಷನ್ ಅಂಗಡಿಯಲ್ಲಿ ಕೇಳಿದರೆ "ಕಾರ್ಡಿನ್ಯಾಗ ಐತಿ ನೋಡ್ರಿ" ಅನ್ನುತ್ತಾಳೆ. ಅದೇ ಹೆಸರಿನ ತರಕಾರಿ ಮಾರುವವನು ಅವಳ ಬಾಯಲ್ಲಿ ಬರೀ ಕಾಯಿಪಲ್ಯದವ. ಆ ಹೆಸರು ಏನೆಂದು ನಾನೂ ಇಲ್ಲಿ ಬರೆಯುವುದಿಲ್ಲ. ಅವ್ವ ಓದಿಸಿ ಕೇಳುತ್ತಾಳೆ, ನಾಳೆ ನನ್ನ ಗತಿ ಏನು? ನಾನಂತೂ ನನ್ನ ಗಂಡನನ್ನು ಓಣಿಗೆಲ್ಲ ಕೇಳುವಂತೆ ಹೆಸರು ಹಿಡಿದೇ ಕರೆಯುತ್ತೇನೆ. ಅದಕ್ಕೆ ಅವ್ವ ಇವತ್ತಿಗೂ ಕಿವಿ ಮುಚ್ಚಿಕೊಳ್ಳುತ್ತಾಳೆ.

"ಆ ಹೆಸರು ತಗದು ಬ್ಯಾರೆ ಏನರ ಬರಿ" ಎಂದು ಅಪ್ಪಣೆಯಾಯಿತು. ಆಗಲಿ ಎಂದು ಹೊರಗೆ ಬಂದರೆ ಅಪ್ಪ ಹಿಂದೆಯೇ ಬಂದು ಓಣಿಯ ತಿರುವಿನಲ್ಲಿ ನನ್ನನ್ನು ಹಿಡಿದ. ಅಪ್ಪನದು ಎಲೆತೋಟ. ವೀಳ್ಯದೆಲೆಯ ವ್ಯಾಪಾರದಲ್ಲಿ ಮಾತಿಗೆ ಬಗ್ಗುವ ಆಸಾಮಿಯೇ ಅಲ್ಲ. ಅವತ್ತು ಮಾತ್ರ ಸಣ್ಣ ದನಿಯಲ್ಲಿ ಬೇಡಿಕೊಂಡ.

"ತಗೀಬ್ಯಾಡವಾ. ಇದ್ದಂಗ ಇರ್ಲಿ."

"ಯಾಕಪ್ಪ?"

"ತ್ವಾಟದಾಗ, ಪ್ಯಾಟ್ಯಾಗ, ಎಲ್ಲಾರೂ ನನ್ನ ಹೆಸರು ಹಿಡದು ಕರೀತಾರ. ಈಕಿ ಬಂದಾಗಿಂದ ಬರೇ 'ಏನ್ರಿ', 'ಇಲ್ಲೆ ಕೇಳ್ರಿ'. ಸಾಯೂದ್ರೊಳಗ ಒಮ್ಮೆ ಈಕಿ ಬಾಯಾಗ ನನ್ನ ಹೆಸರು ಕೇಳ್ಬೇಕು ನೋಡು. ಹಾಡಿನ ಆಸೇಕ್ಕಾದ್ರೂ ಹೇಳ್ತಾಳೋ ಏನೋ."

ಹೇಳಿದವನೇ ನಾಚಿಕೊಂಡು, ಅಂಗಡಿಯಿಂದ ಆಗಷ್ಟೇ ಕರಿದ ಬಿಸಿಬಿಸಿ ಖಾರದ ಪೊಟ್ಟಣ ತಂದು ನನ್ನ ಕೈಗೆ ತುರುಕಿದ. ಸವಣೂರಿನ ಖಾರಕ್ಕೆ ಯಾರು ತಾನೇ ಸೋಲುವುದಿಲ್ಲ? ಟ್ಯಾಗ್ ಹಾಗೇ ಉಳಿಯಿತು.

ಆಮೇಲೆ ಕೆಲವು ದಿನ ನನ್ನ ದರ್ಬಾರು ಏನು ಕೇಳುತ್ತೀರಿ! ಅವ್ವನಿಗೆ "ಇವತ್ತ ಮಾಡ್ತೇನಿ, ನಾಳೆ ಮಾಡ್ತೇನಿ" ಎನ್ನುತ್ತ ಗಿರಮಿಟ್ ತಿಂದೆ. ಅಪ್ಪನಿಗೆ "ಮಾಡಿಲ್ಲಪ್ಪ, ಮಾಡಂಗಿಲ್ಲ" ಎನ್ನುತ್ತ ಖಾರ ತಿಂದೆ. ಅವ್ವ ಹಾಡಿಲ್ಲದೆ ರೊಟ್ಟಿ ಬಡಿದಳು. ಎಷ್ಟು ಸಿಟ್ಟಿನಿಂದ ಬಡಿದಳೆಂದರೆ ನೆರೆಮನೆಯವರು ಜಗಳವೇನೋ ಎಂದು ಇಣುಕಿ ನೋಡಿದರು. ಹೆಸರು ಮಾತ್ರ ಬಾಯಿಂದ ಬರಲಿಲ್ಲ. ಅಪ್ಪ ಪಡಸಾಲೆಯಲ್ಲಿ ಎಲೆ ಎಣಿಸುವ ನೆಪ ಮಾಡಿಕೊಂಡು ಕಿವಿ ನಿಮಿರಿಸಿ ಕೂತಿರುತ್ತಿದ್ದ. ನೋಡಿ ನೋಡಿ ನನಗೆ ಇಬ್ಬರ ಮೇಲೂ ಕನಿಕರ ಬಂತು, ಅದರ ಜೊತೆಗೆ ಒಂದು ಕಿಡಿಗೇಡಿ ಯೋಚನೆಯೂ ಬಂತು. ಹಾಡಿದವರ ಗೂಡಿನಲ್ಲಿ ಹಳೆಯ ಹೆಸರು ಅಳಿಸಿ "ನಮ್ಮ ಮನಿಯವ್ರು" ಎಂದು ಬರೆದೆ.

ಹೇಳಿಕೊಟ್ಟಂತೆ ಅವ್ವ ಹೇಳಿದಳು, ಹಾಡು ಬಂತು. ಮುಖ ಊರಗಲ ಆಯಿತು. ಆದರೆ ಆ ಹೊತ್ತಿಗೆ ಹೆಪ್ಪು ಕೇಳಲು ಬಂದಿದ್ದ ನೆರೆಮನೆಯ ಅಕ್ಕ ಫೋನಿನ ಮೇಲಿನ ಅಕ್ಷರ ಓದಿಬಿಟ್ಟಳು.

"ಅಯ್ಯ, ನಿಮ್ಮ ಮನಿಯವ್ರು ಇಷ್ಟ ಚಂದ ಹಾಡ್ತಾರೇನ್ರಿ? ನಮಗ ಗೊತ್ತಾ ಇರ್ಲಿಲ್ಲಲ್ರಿ!"

ನಾನು ನಗು ತಡೆಯಲು ಹಿತ್ತಲಿಗೆ ಓಡಿದೆ. ಸುದ್ದಿ ನನಗಿಂತ ಜೋರಾಗಿ ಓಡಿತು. ಸೋಮವಾರ ಗುಡಿಯ ಭಜನೆಯಲ್ಲಿ ಹಾರ್ಮೋನಿಯಂ ತಂದು ಅಪ್ಪನ ಮುಂದೆಯೇ ಇಟ್ಟರು. ಅಪ್ಪ ಹಾಡಿದರೆ ಎಲೆಬಳ್ಳಿ ಬಾಡುತ್ತದೆ ಎಂಬುದು ನಮ್ಮ ಮನೆಯವರಿಗಷ್ಟೇ ಗೊತ್ತು. ಕೆಮ್ಮಿದ, ಗಂಟಲು ಹಿಡಿದುಕೊಂಡ, ನೀರು ಕೇಳಿದ, ಕಡೆಗೆ ಚಪ್ಪಲಿಯನ್ನೂ ಬಿಟ್ಟು ಮನೆಗೆ ಬಂದ.

ಅವ್ವ ನನ್ನನ್ನು ಕರೆಸಿ ಸಹಸ್ರನಾಮ ಮಾಡಿದಳು. "ಯಾರೋ ಹಾಡಿದ್ದಕ್ಕ ನನ್ನ ಬಾಯಿಲೆ ಮನಿಯವ್ರು ಅನಿಸ್ತಿ? ನಾಚಿಕಿ ಬರಂಗಿಲ್ಲೇನ ನಿನಗ? ಅವ್ರ ಮರ್ಯಾದಿನೂ ತಗದಿ. ಮೊದ್ಲಿದ್ದಂಗ ಮಾಡು. ಹಾಡು ಇಲ್ಲದಿದ್ರ ಅಷ್ಟ ಹೋತು!"

ಹಾಗಂದು ಫೋನನ್ನು ನನ್ನ ಕೈಗೆ ಹಾಕಿ ಮುಖ ತಿರುಗಿಸಿದಳು. ತಕ್ಷಣ ಕೂತು ಎಲ್ಲ ಹಾಡುಗಳಿಂದಲೂ "ನಮ್ಮ ಮನಿಯವ್ರು" ಅಳಿಸಿದೆ. ಹಳೆಯ ಹೆಸರು ತುಂಬಬೇಕು ಅನ್ನುವಷ್ಟರಲ್ಲಿ ನಮ್ಮತ್ತೆಯ ಕರೆ ಬಂತು, ಮನೆಗೆ ಯಾರೋ ಬಂದಿದ್ದಾರೆ, ಚಹಾಪುಡಿ ಎಲ್ಲಿಟ್ಟಿದ್ದೀಯೆಂದು. ಉಳಿದದ್ದನ್ನು ನಾಳೆ ಮಾಡಿದರಾಯಿತು ಎಂದುಕೊಂಡು "ಮೊದ್ಲಿದ್ದಂಗ ಮಾಡೇನಿ ತಗೋ" ಎಂದು ಫೋನು ಅವಳ ಕೈಗಿಟ್ಟು ಓಡಿದೆ. ಗೂಡು ಖಾಲಿಯೇ ಉಳಿಯಿತು.

ಮರುದಿನ ಮಧ್ಯಾಹ್ನ ತೋಟದಿಂದ ಅಪ್ಪನೂ ನಾನೂ ಎಲೆಯ ಬುಟ್ಟಿ ಹೊತ್ತು ಹಿತ್ತಲ ಕಡೆಯಿಂದ ಬಂದೆವು. ಒಳಗೆ ಅವ್ವ ಒಬ್ಬಳೇ. ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ ಹೇಳಿದಳು. ಅಪ್ಪನ ಹೆಸರನ್ನೇ! ಪಿಸುದನಿಯಲ್ಲಿ, ಕೊನೆಗೊಂದು "ಅವ್ರು" ಸೇರಿಸಿ.

ಫೋನು ಸುಮ್ಮನಿತ್ತು. ಖಾಲಿ ಗೂಡಿನಲ್ಲಿ ಏನು ಸಿಕ್ಕೀತು ಪಾಪ. ಅವ್ವ ಇನ್ನೊಮ್ಮೆ ಹೇಳಿದಳು, ಸ್ವಲ್ಪ ಗಟ್ಟಿಯಾಗಿ.

"ನಾ ಹೆಸರು ತುಂಬಿಲ್ಲಪ್ಪ, ಈಗ ಹೋಗಿ ತುಂಬ್ತೇನಿ" ಎಂದು ಪಿಸುಗುಟ್ಟಿ ಹೆಜ್ಜೆ ಎತ್ತಿದೆ. ಅಪ್ಪ ನನ್ನ ಮುಂಗೈ ಹಿಡಿದ. ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದ.

"ಸುಮ್ನ ನಿಂದ್ರು" ಅಂದ.

ಒಳಗೆ ಅವ್ವನ ತಾಳ್ಮೆ ತೀರಿತು. ಈ ಸಲ "ಅವ್ರು" ಇಲ್ಲ, ಮರ್ಯಾದೆ ಇಲ್ಲ, ಏನೂ ಇಲ್ಲ. ಬರೀ ಹೆಸರು, ತೋಟದ ಆ ಬದುವಿಗೆ ಕೇಳುವಷ್ಟು ಜೋರಾಗಿ. ಅದರ ಹಿಂದೆಯೇ "ಎಲ್ಲಿ ಹಾಳಾಗಿ ಹೋದ್ಯೋ?" ಎಂದು ಬೈದಳು.

ಅಪ್ಪ ಬುಟ್ಟಿ ಇಳಿಸಿದ. ಟವೆಲಿನಿಂದ ಮುಖ ಒರೆಸಿಕೊಂಡ.

"ಇಲ್ಲೇ ಅದೀನ್ರಿ" ಅಂದ.

ಹೆಂಡತಿಗೆ ಅವನು "ರಿ" ಹಚ್ಚಿ ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಾನು ನನ್ನ ತಲೆಯ ಮೇಲಿನ ಬುಟ್ಟಿಯನ್ನೂ ಅಲ್ಲೇ ಇಟ್ಟು, ಬಂದ ದಾರಿಯಲ್ಲೇ ಸದ್ದಿಲ್ಲದೆ ನಮ್ಮ ಮನೆಗೆ ಹೋಗಿಬಿಟ್ಟೆ.

ಆ ಗೂಡನ್ನು ಇವತ್ತಿಗೂ ತುಂಬಿಲ್ಲ. ತುಂಬಬೇಡ ಎಂದು ಅಪ್ಪ ಹೇಳಿದ್ದಾನೆ. ತುಂಬು ಎಂದು ಅವ್ವನೂ ಕೇಳಿಲ್ಲ.